ತುಕ್ಕಾನಟ್ಟಿಗೆ ಬಾರದ ಸುದ್ದಿ

ಸಂಕೇಶ್ವರ, ೨ ಸಪ್ಟೆಂಬರ ೧೯೪೫

ಪ್ರೀತಿಯ ಗಂಗಕ್ಕಾ,

ಯೋಗಕ್ಷೇಮ ಆಮೇಲೆ ಕೇಳುತ್ತೇನೆ, ಮೊದಲು ಸುದ್ದಿ ಕೇಳು. ನಾನು ಲಾಹೋರಿಗೆ ಹೊರಟಿದ್ದೇನೆ! ಬಿ.ಎ. ಮುಗಿಸಿದವರಿಗೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪತ್ರಿಕಾವಿದ್ಯೆಯ ಒಂದು ವರ್ಷದ ತರಗತಿ ಇದೆ. ಸುದ್ದಿಯನ್ನು ಹೇಗೆ ಹುಡುಕಬೇಕು, ಹೇಗೆ ಬರೆಯಬೇಕು, ಹೇಗೆ ಅಚ್ಚು ಹಾಕಬೇಕು, ಎಲ್ಲವನ್ನೂ ಕಲಿಸುತ್ತಾರೆ. ಕೊಲ್ಲಾಪುರದ ಕಾಲೇಜಿನಲ್ಲಿದ್ದಾಗಲೇ ಅರ್ಜಿ ಹಾಕಿದ್ದೆ. ಸಿಗಲಾರದೆಂದು ನಿನಗೂ ಹೇಳಿರಲಿಲ್ಲ. ನಾಲ್ಕು ದಿನದ ಹಿಂದೆ ಉತ್ತರ ಬಂತು. ಲಕೋಟೆ ಒಡೆದವಳೇ, ಸೋದರತ್ತಿ ಜಿನ್ನವ್ವ ಪಡಸಾಲೆಯಲ್ಲಿ ಹರವಿಟ್ಟಿದ್ದ ಜೋಳದ ಮೇಲೆಯೇ ಕುಣಿದುಬಿಟ್ಟೆನಂತೆ. ಅವಳು ಇನ್ನೂ ಬಯ್ಯುತ್ತಿದ್ದಾಳೆ.

ಆದರೆ ಮನೆಯಲ್ಲಿ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಪತ್ರಿಕಾ ಎಂದರೆ ಜಿನ್ನವ್ವನಿಗೆ ಗೊತ್ತಿರುವುದು ಒಂದೇ. "ಲಗ್ನಪತ್ರಿಕಾ ಬರಿಯೂದು ಕಲಿಯಾಕ ಅಷ್ಟು ದೂರ ಯಾಕ? ಗೋಕಾಕದಾಗ ಛಾಪಖಾನಾ ಐತೆಲ್ಲ!" ಎಂದಳು. ಅದಲ್ಲ, ವರ್ತಮಾನಪತ್ರ ಎಂದ ಮೇಲೆ ಇನ್ನೂ ಗಾಬರಿಯಾದಳು. ಅಪ್ಪ ಎರಡು ದಿನ ಅಡತಿ ಅಂಗಡಿಯಿಂದ ಬಂದು ಸುಮ್ಮನೆ ಉಂಡು ಎದ್ದರು. ಮೂರನೆಯ ದಿನ ಕೇಳಿದರು:

"ತಾರಾ, ನೀ ಬರದದ್ದು ಖರೆ ಇರತೈತೇನು?"

"ಖರೆ ಬರಿಯೂದನ್ನ ಕಲಿಯಾಕ ಹೊಂಟೇನ್ರಿ ಅಪ್ಪಾ."

"ಹಂಗಾದ್ರ ಹೋಗು" ಎಂದರು. ಅಷ್ಟೇ! ಇಪ್ಪತ್ತಕ್ಕೆ ಹೊರಡುತ್ತೇನೆ. ಬೆಳಗಾವಿಯ ಬೋರ್ಡಿಂಗಿನಲ್ಲಿ ಎರಡು ವರ್ಷ ನನ್ನ ಬಡಬಡಿಕೆ ತಾಳಿದವಳು ನೀನು. ನಿನಗೆ ಬರೆಯದೆ ಯಾರಿಗೆ ಬರೆಯಲಿ? ನಿನ್ನ ಅತ್ತೆಮನೆಯ ರಾಚಪ್ಪ ಮಾವನಿಗೂ ಅಕ್ಕವ್ವ ಅತ್ತಿಗೂ ನಮಸ್ಕಾರ ಹೇಳು.

ನಿನ್ನ ತಾರಾ


ಕುಲಗೋಡ, ೯ ಸಪ್ಟೆಂಬರ ೧೯೪೫

ತಾರಾ,

ನಿನ್ನ ಕಾಗದ ಸಾಲೆಗೇ ಬಂತು. ನನ್ನ ಹನ್ನೊಂದು ಹುಡುಗಿಯರಿಗೆ ಕಾಗುಣಿತ ಹಚ್ಚಿಕೊಟ್ಟು ಓದಿದೆ. ಖರೆ ಹೇಳಲೇ? ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ಹುಡುಗಿಯರಿಗೆಲ್ಲ ನನ್ನ ಗೆಳತಿ ಲಾಹೋರಿಗೆ ಹೋಗುತ್ತಾಳೆ ಎಂದು ಎರಡು ಸಲ ಹೇಳಿದೆ.

ನಮ್ಮ ಅತ್ತೆ ಕೇಳಿದರು: "ಆಕಿ ಅಲ್ಲಿ ಕಲಿತ ಬಂದ್ರ ಇಲ್ಲಿ ಯಾರಿಗೆ ಉಪಯೋಗ?" ನೀನು ಬಂದಮೇಲೆ ನೀನೇ ಹೇಳು.

ಅಲ್ಲಿ ಛಳಿ ಭಾಳವಂತೆ. ನಮ್ಮವರು ಒಂದು ಕಂಬಳಿ ಗೋಕಾಕದ ಮೋಟಾರಿನವರ ಕೈಯಲ್ಲಿ ಕಳಿಸಿದ್ದಾರೆ. ಚುಚ್ಚುತ್ತದೆ, ಆದರೆ ಬೆಚ್ಚಗಿರುತ್ತದೆ.

ನಿನ್ನ ಶಿವಗಂಗವ್ವ


ಲಾಹೋರ, ೧೪ ಅಕ್ಟೋಬರ ೧೯೪೫

ಗಂಗಕ್ಕಾ,

ಏನು ಊರು ಇದು! ಟಾಂಗಾದವರು ಹಾಡಿನ ಹಾಗೆ ಬಯ್ಯುತ್ತಾರೆ. ನಮ್ಮ ತರಗತಿಯಲ್ಲಿ ಹತ್ತೊಂಬತ್ತು ಜನ, ಹುಡುಗಿಯರು ಮೂವರು. ನನ್ನನ್ನು ಮದ್ರಾಸಿ ಎನ್ನುತ್ತಾರೆ. ಬೆಳಗಾವಿ ಜಿಲ್ಲೆ ಎಂದರೆ ನಕ್ಷೆ ತರುತ್ತಾರೆ. ಮೊನ್ನೆ ಅಚ್ಚಿನ ಮೊಳೆ ಜೋಡಿಸಲು ಕಲಿಸಿದರು. ಅಕ್ಷರಗಳನ್ನು ತಿರುವುಮುರುವಾಗಿ ಓದುವುದು ನನಗೆ ಈಗ ಬರುತ್ತದೆ! ಕೈ ತುಂಬ ಮಸಿ. ತೊಳೆದುಕೊಳ್ಳಲು ಮನಸ್ಸೇ ಆಗಲಿಲ್ಲ.

ಇನ್ನು ಮುಖ್ಯ ಮಾತು. ಮೊದಲ ದಿನವೇ ನಮ್ಮ ಪ್ರೊಫೆಸರರು ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳಿದರು: "ಯುದ್ಧ ಮುಗಿದ ಸುದ್ದಿ ನಿಮ್ಮ ಊರಿಗೆ ಹೇಗೆ ಬಂತು?" ಎಲ್ಲರೂ ರೇಡಿಯೊ, ಪೇಪರು ಎಂದರು. ನಾನೂ ಎದ್ದು ಪೇಪರು ಎಂದೆ. "ನಿಮ್ಮ ಊರಲ್ಲಿ ಪೇಪರು ಓದದವರಿಗೆ?" ಎಂದರು. ನನಗೆ ಗೊತ್ತಿರಲಿಲ್ಲ ಗಂಗಕ್ಕಾ! ಇಪ್ಪತ್ತೆರಡು ವರ್ಷ ಅಲ್ಲೇ ಬೆಳೆದಿದ್ದೇನೆ, ಗೊತ್ತಿರಲಿಲ್ಲ.

ಅದನ್ನೇ ನನ್ನ ಪ್ರಬಂಧಕ್ಕೆ ಆರಿಸಿಕೊಂಡಿದ್ದೇನೆ. ಪ್ರಬಂಧವಿಲ್ಲದೆ ಪದವಿ ಇಲ್ಲ. ಜನವರಿ ಮೂವತ್ತೊಂದರೊಳಗೆ ಒಪ್ಪಿಸಬೇಕು. ಅಲ್ಲಿ ನನ್ನ ಕಣ್ಣು ಕಿವಿ ನೀನೇ ಆಗಬೇಕು. ಮೂಡಲಗಿ, ಕುಲಗೋಡ, ನಿನ್ನ ತವರು ತುಕ್ಕಾನಟ್ಟಿ, ಈ ಮೂರು ಊರು ಸಾಕು. ಯಾರಿಗೆ ಯಾವ ದಿನ ತಿಳಿಯಿತು, ಯಾರ ಬಾಯಿಂದ, ಏನೆಂದು? ಕೇಳಿದ್ದನ್ನು ಕೇಳಿದ ಹಾಗೆಯೇ ಬರೆ. ತಿದ್ದಬೇಡ.

ಕಂಬಳಿ ಚುಚ್ಚುತ್ತದೆ. ನಾವು ಹುಡುಗಿಯರು ಮೂವರೂ ಅದಕ್ಕೇ ಜಗಳಾಡುತ್ತೇವೆ.

ತಾರಾ


ಕುಲಗೋಡ, ೧೧ ನವೆಂಬರ ೧೯೪೫

ತಾರಾ,

ನೀನು ಹಚ್ಚಿದ ಕೆಲಸ ನನಗೆ ಹುಚ್ಚು ಹಿಡಿಸಿದೆ! ಮೊದಮೊದಲು ಜನ ನಕ್ಕರು. ಈಗ ದಾರಿಯಲ್ಲಿ ನಿಲ್ಲಿಸಿ, "ಸಾಲಿ ಬಾಯಾರ, ನನ್ನನ್ನ ಕೇಳಲೇ ಇಲ್ಲಲ್ರಿ" ಎನ್ನುತ್ತಾರೆ.

ಬರೆದುಕೋ. ಗೋಕಾಕದಲ್ಲಿ ರೇಡಿಯೊ ಇದ್ದ ಒಂದು ಮನೆಯ ಮುಂದೆ ಜನ ಕೂಡಿ ಕೇಳಿದರು. ಅಲ್ಲಿಂದ ಮೂಡಲಗಿಗೆ ಸುದ್ದಿ ತಂದವನು ಇದ್ದಿಲು ಗ್ಯಾಸಿನ ಮೋಟಾರು ಹೊಡೆಯುವವನು, ಅದೇ ದಿನ ಸಂಜೆ. ಕುಲಗೋಡಕ್ಕೆ ತಂದವಳು ಬಳೆಗಾರ್ತಿ ರಾಮವ್ವ, ಮರುದಿನ. ಅಷ್ಟರಲ್ಲಿ ಸುದ್ದಿ "ಜಪಾನದ ರಾಜಾ ಸತ್ತ" ಎಂದಾಗಿತ್ತು. ತುಕ್ಕಾನಟ್ಟಿಗೆ ಮುಟ್ಟುವಾಗ ಅದು "ನಾಳಿಂದ ಸಕ್ರಿ ಕಂಟ್ರೋಲ್ ಹೋತಂತ" ಎಂದಾಗಿ, ಹತ್ತು ಜನ ಚೀಲ ಹಿಡಿದು ಮೂಡಲಗಿಗೆ ನಡೆದಿದ್ದರಂತೆ! ಡಂಗುರ ಹೊಡೆದದ್ದು ಐದು ದಿನದ ಮೇಲೆ. ಆಗ ಯಾರೂ ಕೇಳಿಸಿಕೊಳ್ಳಲಿಲ್ಲ, ಎಲ್ಲರಿಗೂ ಮೊದಲೇ ಗೊತ್ತಿತ್ತು.

ಎಲ್ಲರಿಗೂ ಎಂದು ತಿಳಿದಿದ್ದೆ. ತುಕ್ಕಾನಟ್ಟಿಯಲ್ಲಿ ನಮ್ಮ ತವರಿನ ಬಾಜೂ ಮನೆಯ ಉದ್ದವ್ವನನ್ನೂ ಕೇಳಿದೆ. ಗಂಡ ಕೆಂಚಪ್ಪ ತೀರಿ ಬಹಳ ವರ್ಷವಾಯಿತು. ಒಬ್ಬನೇ ಮಗ ಹನಮಂತ, ಗೋಕಾಕದ ಮೋಟಾರು ಹೊಡೆಯುತ್ತಿದ್ದ, ನಾಲ್ಕು ವರ್ಷದ ಹಿಂದೆ ಸೈನ್ಯ ಸೇರಿದ. ಸಿಂಗಾಪುರದಲ್ಲಿ ಪತ್ತೆ ಇಲ್ಲವೆಂದು ಒಂದು ಕಾಗದ ಬಂತು, ಅದೇ ಕೊನೆ. ನಾನು ನನ್ನ ವಹಿ ತೆರೆದು, "ಯುದ್ಧ ಮುಗಿದದ್ದು ನಿಮಗ ಯಾರ ಹೇಳಿದ್ರು, ಚಿಗವ್ವಾ?" ಎಂದೆ.

ಅವಳು ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಬಿಟ್ಟು ನನ್ನನ್ನೇ ನೋಡಿದಳು. "ಯುದ್ಧ ಮುಗೀತೇನವ್ವಾ?"

ಮೂರು ತಿಂಗಳಾದರೂ ಊರಲ್ಲಿ ಒಬ್ಬರೂ ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಕೇಳುತ್ತಾಳೆಂಬ ಭಯ. ಆ ಪ್ರಶ್ನೆಯನ್ನು ನನ್ನನ್ನೇ ಕೇಳಿದಳು. "ಮುಗದಿದ್ರ, ಹ್ವಾದವರು ತಿರುಗಿ ಬರಬೇಕಲ್ಲ?"

ರೊಟ್ಟಿ ಸೀದಿತು. ಇಬ್ಬರೂ ತೆಗೆಯಲಿಲ್ಲ.

ಇದನ್ನು ನಿನಗೊಬ್ಬಳಿಗೇ ಬರೆದಿದ್ದೇನೆ. ಪ್ರಬಂಧದಲ್ಲಿ ಹಾಕಬೇಡ. ಹನಮಂತ ಮಿಲಿಟರಿ ಮೋಟಾರು ಕಲಿತದ್ದು ಲಾಹೋರಿನ ದಂಡಿನ ಛಾವಣಿಯಲ್ಲೇ ಅಂತೆ, ಅವನ ಮೊದಲ ಕಾಗದ ಅಲ್ಲಿಂದಲೇ ಬಂದಿತ್ತು. ನೀನಿರುವ ಊರಿನ ಹೆಸರು ಹೇಳಿದಾಗ ಉದ್ದವ್ವ ಅದನ್ನು ನೆನೆದಳು.

ಶಿವಗಂಗವ್ವ


ಲಾಹೋರ, ೨೫ ನವೆಂಬರ ೧೯೪೫

ಗಂಗಕ್ಕಾ, ಗಂಗಕ್ಕಾ!

ನೀನು ಕಳಿಸಿದ್ದು ಚಿನ್ನ! ಸಕ್ಕರೆಯ ಚೀಲದ ಸಂಗತಿಗೆ ತರಗತಿ ಬಿದ್ದುಬಿದ್ದು ನಕ್ಕಿತು. ಆಮೇಲೆ ಉದ್ದವ್ವನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಓದಿದೆ. ಬಾರದ ಸುದ್ದಿಯೂ ಒಂದು ಸುದ್ದಿ ಎಂದು ಪ್ರೊಫೆಸರರು ಹೇಳಿದರು. ಪ್ರಬಂಧದ ಜೀವವೇ ಇದು ಅಕ್ಕಾ, ಹೇಗೆ ಬಿಡಲಿ? ಹೆಸರು ಬದಲಿಸುತ್ತೇನೆ. ಪತ್ತೆ ಇಲ್ಲವೆಂಬ ಕಾಗದ ಬಂದ ತಾರೀಖು ಯಾವುದು, ಓದಿ ಹೇಳಿದವರು ಯಾರು, ಆಗ ಅವಳು ಏನೆಂದಳು, ಊರವರು ಸುದ್ದಿ ಮುಚ್ಚಿಡಬೇಕೆಂದು ಕೂಡಿ ಮಾತಾಡಿಕೊಂಡರೋ ತಾವಾಗಿಯೇ ಸುಮ್ಮನಾದರೋ, ಇಷ್ಟನ್ನು ಕೇಳಿ ಬೇಗ ಬರೆ.

ತಾರಾ


ಕುಲಗೋಡ, ೬ ಡಿಸೆಂಬರ ೧೯೪೫

ತಾರಾಬಾಯಿ ಅವರಿಗೆ,

ಉದ್ದವ್ವ ನಿಮ್ಮ ಪ್ರಬಂಧವಲ್ಲ. ಹತ್ತೊಂಬತ್ತು ಜನರ ಮುಂದೆ ಓದಿದಿರಿ. ಅವರಲ್ಲಿ ಒಬ್ಬರಾದರೂ ಹುಡುಗ ಎಲ್ಲಿದ್ದಾನೆ ಎಂದು ಕೇಳಿದರೇ?

ಇನ್ನು ನಾನು ಯಾರ ಮನೆಗೂ ವಹಿ ಹಿಡಿದು ಹೋಗುವುದಿಲ್ಲ.

ಶಿವಗಂಗವ್ವ


ತಂತಿ. ಲಾಹೋರ, ೧೭ ಜನವರಿ ೧೯೪೬

ಹನಮಂತ ಬದುಕಿರಬಹುದು. ಮೈಮೇಲಿನ ಗುರುತು ಕೇಳಿ ತಂತಿಯಲ್ಲಿ ತಿಳಿಸು. ಖಚಿತವಾಗುವವರೆಗೆ ತಾಯಿಗೆ ಹೇಳಬೇಡ. ತಾರಾ


ಲಾಹೋರ, ೧೭ ಜನವರಿ ೧೯೪೬

ಗಂಗಕ್ಕಾ,

ತಂತಿ ಕಳಿಸಿ ಬಂದು ಕೂತಿದ್ದೇನೆ. ನೀನು ನನಗೆ ಬಹುವಚನ ಹಚ್ಚಿ ಬರೆದ ಕಾಗದವನ್ನು ಎಷ್ಟು ಸಲ ಓದಿದೆನೋ. ನೀನು ಕೇಳಿದ್ದು ಖರೆ. ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕ್ಷಮಿಸು ಎಂದು ನಾಲ್ಕು ಕಾಗದ ಬರೆದು ಹರಿದೆ. ಬರಿ ಕ್ಷಮಿಸು ಎಂದರೆ ಏನು ಬಂತು?

ಪ್ರೊಫೆಸರರಿಗೆ ಎಲ್ಲ ಹೇಳಿ ಒಂದು ಪರಿಚಯದ ಕಾಗದ ಬರೆಸಿಕೊಂಡು ದಂಡಿನ ಛಾವಣಿಯ ಕಚೇರಿಗೆ ಹೋದೆ. ಮೊದಲ ಸಲ ಬಾಗಿಲಲ್ಲೇ ನಿಲ್ಲಿಸಿದರು. ಎರಡನೆಯ ಸಲ, ಹಳೆಯ ದಾಖಲೆಯಲ್ಲಿ ಪತ್ತೆ ಇಲ್ಲವೆಂದೇ ಇದೆ ಎಂದು ಕಳಿಸಿದರು. ಮತ್ತೆ ಮತ್ತೆ ಹೋದೆ. ಇಂದು ಒಬ್ಬ ಮುದುಕ ಸರದಾರಜಿ ಬೇಸತ್ತು, "ಬಿಡುಗಡೆಯಾಗಿ ಬಂದ ಯುದ್ಧಕೈದಿಗಳ ಹೊಸ ಪಟ್ಟಿ ಇದು, ನೀನೇ ನೋಡಿಕೋ ಮಗಳೇ" ಎಂದು ನನ್ನ ಮುಂದೆ ನೂಕಿದರು. ತುಕ್ಕಾನಟ್ಟಿ ಹುಡುಕಿದೆ, ಇಲ್ಲ. ಮೂಡಲಗಿ ಹುಡುಕಿದೆ, ಇಲ್ಲ. ಆಮೇಲೆ ಅಚ್ಚಿನಮನೆಯಲ್ಲಿ ತಪ್ಪು ಹುಡುಕುವ ಹಾಗೆ ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ನೋಡುತ್ತ ಬಂದೆ. ಅಕ್ಕಾ, "ಹನಮಂತ ಕೆಂಚಪ್ಪ, ಟುಕಾನಾಟಿ, ಮುಧೋಳ"! ಅವನು ಮೂಡಲಗಿ ಎಂದದ್ದು ಬರೆದುಕೊಂಡವನ ಕಿವಿಗೆ ಮುಧೋಳ ಎಂದು ಬಿದ್ದಿದೆ. ಎರಡು ಪಟ್ಟಿಯ ಹನಮಂತರು ಬೇರೆ ಬೇರೆ ಎಂದು ಇವರು ತಿಳಿದಿದ್ದಾರೆ. ಇವರೇ ವಿಳಾಸ ಹಾಕಿದ ಅವನ ಕಾಗದಗಳೆಲ್ಲ ಮುಧೋಳಕ್ಕೇ ಹೋಗಿ, ಅಲ್ಲಿ ಅಂಥ ಹಳ್ಳಿಯಿಲ್ಲವೆಂದು ತಿರುಗಿ ಬಂದಿವೆ.

ನಾನು ಕಿರುಚಿದೆನೆಂದು ಕಾಣುತ್ತದೆ. ಇಡೀ ಕಚೇರಿ ಎದ್ದು ನಿಂತಿತ್ತು.

ಈಗ ಅವನು ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿದ್ದಾನೆ. ಪಟ್ಟಿಯಲ್ಲಿ ಇನ್ನೊಂದು ಸಾಲಿದೆ: "ಮನೆಯಲ್ಲಿ ಯಾರೂ ಉಳಿದಿಲ್ಲ. ಮತ್ತೆ ನೌಕರಿಗೆ ಒಪ್ಪಿದ್ದಾನೆ." ಕಾಗದ ತಿರುಗಿ ಬಂದದ್ದನ್ನು ನೋಡಿ ತಾಯಿ ಹೋದಳೆಂದೇ ತಿಳಿದಿರಬೇಕು. ಫೆಬ್ರವರಿ ಹದಿನೈದಕ್ಕೆ ಅವನ ದಳ ಹಡಗು ಹತ್ತುತ್ತದೆ. ಅವನೇ ಎಂದು ರುಜುವಾದರೆ ತಡೆಯಬಹುದಂತೆ. ಬೇರೆ ಹನಮಂತನಾಗಿದ್ದರೆ ಆ ತಾಯಿಯ ಗತಿ ಏನು? ಅದಕ್ಕೇ ಹೇಳಬೇಡವೆಂದೆ.

ತಾರಾ


ಕುಲಗೋಡ, ೨೧ ಜನವರಿ ೧೯೪೬

ತಾರಾ,

ನನ್ನ ತಂತಿ ಮುಟ್ಟಿರಬೇಕು: ಎಡಗಾಲಿನ ಎರಡು ಬೆರಳು ಕಬ್ಬಿನ ಗಾಣಕ್ಕೆ ಸಿಕ್ಕು ಹೋಗಿವೆ. ಅದನ್ನು ಕೇಳಿದ ಬಗೆ ಹೇಳುತ್ತೇನೆ.

ನಿನ್ನ ತಂತಿ ನೋಡಿ ನಮ್ಮವರು ಹೊಲದ ಗಳೇವು ನಿಲ್ಲಿಸಿ ಚಕ್ಕಡಿ ಹೂಡಿದರು. ನಮ್ಮ ಅತ್ತೆ ತಾವಾಗಿಯೇ ಬುತ್ತಿ ಕಟ್ಟಿಕೊಟ್ಟರು. ದಾರಿಯುದ್ದಕ್ಕೂ ಸುಳ್ಳು ಹೊಂದಿಸುತ್ತ ಹೋದೆ. ಉದ್ದವ್ವನ ಮುಂದೆ ಕುಳಿತು ಮಳೆ ಬೆಳೆ ಎಲ್ಲ ಮಾತಾಡಿ, "ಚಿಗವ್ವಾ, ನನ್ನ ಗೆಳತಿ ಪ್ರಬಂಧ ಬರಿಯಾಕತ್ಯಾಳ. ಹನಮಂತನ ಮೈಮ್ಯಾಲ ಏನರ ಗುರ್ತು ಇತ್ತೇನು?" ಎಂದೆ.

"ಪ್ರಬಂಧಕ್ಕ ಗುರ್ತು ಯಾಕ ಬೇಕವ್ವಾ?" ಎಂದಳು.

ನನ್ನ ಉತ್ತರಕ್ಕೆ ಕಾಯದೆ ಅವಳೇ ಬೆರಳಿನ ಸಂಗತಿ ಹೇಳಿದಳು. ಎಷ್ಟು ವರ್ಷದವನಿದ್ದ, ಯಾರ ಗಾಣ, ಏನು ಕಟ್ಟಿದಳು, ಎಲ್ಲ. ಕೊನೆಗೆ ನನ್ನ ಕೈ ಹಿಡಿದು, "ನೀ ಏನೂ ಹೇಳಬ್ಯಾಡ. ಖರೆ ಆದಮ್ಯಾಲ ಹೇಳು. ನಾ ಏನೂ ಕೇಳೂದುಲ್ಲ" ಎಂದಳು. ನಾವು ಚಕ್ಕಡಿ ಹತ್ತುವಾಗ ತಿರುಗಿ ನೋಡಿದರೆ ಮನೆಯ ಮುಂದಿನ ಕಟ್ಟೆ ಸಾರಿಸಲು ಸಗಣಿ ಕಲಸುತ್ತಿದ್ದಳು.

ಇವರು ಅಲ್ಲಿಂದಲೇ ಗೋಕಾಕಕ್ಕೆ ಹೋಗಿ ತಂತಿ ಹೊಡೆದರು. ಬೇಗ ಮಾಡು ತಾರಾ.

ನಿನ್ನ ಗಂಗಕ್ಕ


ಲಾಹೋರ, ೩ ಫೆಬ್ರವರಿ ೧೯೪೬

ಗಂಗಕ್ಕಾ,

ಅವನೇ! ಅವನೇ! ಬೆಳಿಗ್ಗೆ ನಿನಗೆ ಕಳಿಸಿದ ತಂತಿಯಲ್ಲಿ ಇಷ್ಟು ಉದ್ಗಾರ ಹಾಕಲು ಬರುವಂತಿರಲಿಲ್ಲ, ಇಲ್ಲಿ ಹಾಕುತ್ತೇನೆ. ಸರದಾರಜಿ ಪುಣೆಗೆ ತಂತಿ ಕೊಟ್ಟು ಕೇಳಿದರು. ಎಡಗಾಲು, ಎರಡು ಬೆರಳು. ತಾಯಿ ಇದ್ದಾಳೆಂದು ಆಸ್ಪತ್ರೆಯವರು ಹೇಳಿದಾಗ ಅವನು ನಂಬಲಿಲ್ಲವಂತೆ. ಗಾಣದ ಮಾತು ಹೇಳಿದ ಮೇಲೆ ಹಾಸಿಗೆಯಿಂದೆದ್ದು ತನ್ನ ಬೂಟು ಎಲ್ಲಿ ಎಂದನಂತೆ. ಹಡಗಿನ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಹದಿಮೂರರಂದು ಮುಂಜಾನೆಯ ಗಾಡಿಗೆ ಗೋಕಾಕ ರೋಡ್ ಸ್ಟೇಶನ್ನಿಗೆ ಬರುತ್ತಾನೆ.

ನಿನ್ನಿಂದ ಒಂದು ಮಾತು ಮುಚ್ಚಿಟ್ಟಿದ್ದೆ. ಪ್ರಬಂಧದ ಗಡುವು ಮೂರು ದಿನದ ಹಿಂದೆ ದಾಟಿತು. ನನ್ನ ಹತ್ತಿರ ಇರುವುದು ಬರೀ ಟಿಪ್ಪಣಿ. ಪದವಿ ಹೋಯಿತೆಂದೇ ತಿಳಿದು ಇಂದು ಪ್ರೊಫೆಸರರ ಮುಂದೆ ನಿಂತೆ. ಅವರು ತಮ್ಮ ಕ್ಯಾಲೆಂಡರಿನಲ್ಲಿ ಮಾರ್ಚ ಹದಿನೈದಕ್ಕೆ ಒಂದು ಗೆರೆ ಎಳೆದರು. "ಯಾವುದನ್ನು ಹಾಕುತ್ತೀ, ಯಾವುದನ್ನು ಬಿಡುತ್ತೀ ಅದು ನಿನಗೆ ಬಿಟ್ಟದ್ದು" ಎಂದರು. ಉದ್ದವ್ವನ ಹೆಸರಿಲ್ಲದೆ, ಅವಳ ಮಾತಿಲ್ಲದೆ ಬರೆಯುತ್ತೇನೆ.

ತಾರಾ


ಕುಲಗೋಡ, ೧೬ ಫೆಬ್ರವರಿ ೧೯೪೬

ತಾರಾ,

ಎಲ್ಲಿಂದ ಹೇಳಲಿ! ಎರಡು ಚಕ್ಕಡಿ ತುಂಬ ತುಕ್ಕಾನಟ್ಟಿಯ ಜನ ಸ್ಟೇಶನ್ನಿಗೆ ಬಂದಿದ್ದರು. ಗಾಡಿ ಒಂದು ತಾಸು ತಡ. ಉದ್ದವ್ವ ಕೂಡಲಿಲ್ಲ, ನಿಂತೇ ಇದ್ದಳು. ಇಳಿದವನನ್ನು ನಾನು ಗುರುತಿಸಲಿಲ್ಲ. ಕಡ್ಡಿಯಾಗಿದ್ದಾನೆ, ತಲೆಯಲ್ಲಿ ಬಿಳಿ ಕೂದಲು. ಅವಳು ಮುಖ ನೋಡಲೇ ಇಲ್ಲ, ದೂರದಿಂದ ನಡಿಗೆ ನೋಡಿದಳು. "ನಂದಽ, ನಂದಽ ಕೂಸು" ಎಂದು ಓಡಿದವಳನ್ನು ಹಿಡಿಯುವುದು ನಮಗಾಗಲಿಲ್ಲ. ಅವನು ಬಗ್ಗಿ ಕಾಲು ಮುಟ್ಟಹೋದರೆ ಬೆನ್ನಿಗೆ ಎರಡು ಗುದ್ದಿದಳು. "ನಾ ಸತ್ತೀನಂತ ಬರೆಸಿದೆಲ್ಲೋ ಹುಚ್ಚಪ್ಪಾ!" ಸ್ಟೇಶನ್ ಮಾಸ್ತರರೂ ಕಣ್ಣೊರೆಸಿಕೊಂಡರು.

ಕೈದಿಯಾಗಿದ್ದಾಗ ಅವನ ಜೊತೆ ನಮ್ಮ ಸೀಮೆಯವರು ಇನ್ನಿಬ್ಬರಿದ್ದರಂತೆ. ಇಬ್ಬರೂ ಬದುಕಿದ್ದಾರೆ. ಅವರ ಮನೆಗಳಿಗೆ ನಾನೇ ಕಾಗದ ಬರೆದೆ. ವಿಳಾಸವನ್ನು ಮೂರು ಸಲ ಓದಿ ನೋಡಿದೆ!

ಇನ್ನೊಂದು. ನಿನ್ನ ಪ್ರಬಂಧದ ಮಾತನ್ನು ಉದ್ದವ್ವನಿಗೆ ಹೇಳಿದೆ. "ಹೆಸರು ಯಾಕ ಮುಚ್ಚತಾಳ? ನಾ ಏನ್ ಕಳುವು ಮಾಡೇನೇನು? ಬರಿ ಅನ್ನು" ಎಂದಳು.

ಗಂಗಕ್ಕ


ಲಾಹೋರ, ೩೦ ಏಪ್ರಿಲ್ ೧೯೪೬

ಗಂಗಕ್ಕಾ,

ಪಾಸಾದೆ! ಮೊದಲನೆಯ ವರ್ಗ! ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು, ಇಷ್ಟೆಲ್ಲ ಯಾರು ಕೂಡಿಸಿದರು ಎಂದು ಕೇಳಿದರು. ಕುಲಗೋಡದ ಕನ್ನಡ ಸಾಲೆಯ ಶಿವಗಂಗವ್ವ ಎಂದೆ. ಪ್ರಬಂಧದ ಮೊದಲ ಪುಟದಲ್ಲಿ ನಿನ್ನ ಹೆಸರಿದೆ, ಒಳಗೆ ಉದ್ದವ್ವನದು. ಅಪ್ಪನಿಗೆ ತಂತಿ ಕೊಟ್ಟಿದ್ದೇನೆ.

ದಿಲ್ಲಿಯ ಒಂದು ಇಂಗ್ಲಿಷ್ ಪತ್ರಿಕೆ ಕರೆದಿದೆ. ಗೋಕಾಕದ ಛಾಪಖಾನೆಯವರೂ ಬರೆದಿದ್ದಾರೆ, ಒಂದು ಕನ್ನಡ ವಾರಪತ್ರಿಕೆ ತೆಗೆಯುತ್ತಾರಂತೆ, ಪಗಾರ ಬಹಳ ಕಡಿಮೆ. ದಿಲ್ಲಿಗೆ ಒಲ್ಲೆನೆಂದು ಇಂದು ಬರೆದುಬಿಟ್ಟೆ! ಮೂಡಲಗಿ ಕಡೆಯ ಸುದ್ದಿ ಬರೆಯಲು ಒಬ್ಬರು ಬೇಕು. ಯಾರೆಂದು ಹೇಳಬೇಕೇ? ಮೇ ಇಪ್ಪತ್ತಕ್ಕೆ ಬರುತ್ತೇನೆ.

ತಾರಾ


ಕುಲಗೋಡ, ೧೨ ಮೇ ೧೯೪೬

ತಾರಾ,

ನಿನ್ನ ಕಾಗದವನ್ನು ಅತ್ತೆಗೆ ಎರಡು ಸಲ ಓದಿ ಹೇಳಿದೆ. ಸುದ್ದಿ ಬರೆಯಲು ನಾನು ತಯಾರು. ಇವರೂ ಹೂಂ ಎಂದಿದ್ದಾರೆ. ಇದನ್ನೇ ಮೊದಲನೆಯದೆಂದು ಬರೆಯುತ್ತಿದ್ದೇನೆ, ಅಚ್ಚಿಗಲ್ಲ, ನಿನಗೆ.

ಹನಮಂತ ಮತ್ತೆ ಮೋಟಾರು ಹೊಡೆಯುತ್ತಾನೆ. ಆದರೆ ಹುಕ್ಕೇರಿಯ ದಾರಿಗೆ ಹಾಕಿದರೆ ಒಲ್ಲೆ ಎನ್ನುತ್ತಿದ್ದ. ಉದ್ದವ್ವ ಬೆನ್ನು ಹತ್ತಿ ಕೇಳಿದಾಗ ಹೋದ ವಾರ ಬಾಯಿ ಬಿಟ್ಟ. ಅವನ ಜೊತೆ ಇದ್ದವರು ಇಬ್ಬರಲ್ಲ, ಮೂವರು. ಮೂರನೆಯವನು ಹುಕ್ಕೇರಿಯ ಗುರುಲಿಂಗಪ್ಪ. ಬಿಡುಗಡೆಗೆ ಎಂಟು ದಿನ ಮೊದಲು ಜ್ವರದಲ್ಲಿ ತೀರಿದ. ಸರಕಾರದ ಕಾಗದ ಅವನ ಮನೆಗೆ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.

ಕಾಗದ ಬರೆದುಕೊಡಿರೆಂದು ಹನಮಂತ ನನ್ನ ಹತ್ತಿರ ಬಂದ. ಲೇಖನಿ ತೆಗೆದಿದ್ದೆ. ಉದ್ದವ್ವ ನನ್ನ ಕೈ ಹಿಡಿದಳು. "ಕಾಗದ ಬ್ಯಾಡವ್ವಾ. ಅದನ್ನ ಓದಿ ಹೇಳವರು ಯಾರೋ ಏನೋ. ನಾ ಹೋಗತೇನಿ. ನಾಕು ವರ್ಷ ಕಾದಾಕಿ ನಾನು."

ನಿನ್ನೆ ಮೂವರೂ ಹುಕ್ಕೇರಿಗೆ ಹೋದೆವು. ಗುರುಲಿಂಗಪ್ಪನ ತಾಯಿ ಬಾಳವ್ವ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಹನಮಂತ ಒಳಗೆ ಕಾಲಿಡಲಾರದೆ ಹೊರಗಿನ ಬೇವಿನ ಗಿಡದ ಕೆಳಗೇ ನಿಂತ. ಉದ್ದವ್ವ ಹೋಗಿ ಅವಳ ಬಾಜೂ ಕೂತಳು, ಇನ್ನೊಂದು ಮೊರ ತೆಗೆದುಕೊಂಡು ತಾನೂ ಹಸನು ಮಾಡತೊಡಗಿದಳು. ಯಾವ ಊರು, ಯಾರ ಮನೆ ಎಂದು ಬಾಳವ್ವ ಕೇಳಿದಳು. ಉದ್ದವ್ವ ಹೇಳಿದಳು. ಮಕ್ಕಳೆಷ್ಟೆಂದು ಕೇಳಿದಳು ಬಾಳವ್ವ. "ಒಬ್ಬ. ನಿನ್ನ ಗುರುಲಿಂಗಪ್ಪನ ಜೋಡಿ ಇದ್ದ."

ಬಾಳವ್ವನ ಕೈ ನಿಂತಿತು. "ಇದ್ದ?" ಎಂದಳು.

"ಇದ್ದ, ಯವ್ವಾ. ಕಡೀತನಕ ಅವನ ತಲಿ ನನ್ನ ಮಗನ ತೊಡಿಮ್ಯಾಲ ಇತ್ತು. ಅಂವ ಒಬ್ಬನಽ ಹೋಗಲಿಲ್ಲ."

ಅವಳು ಅತ್ತದ್ದನ್ನು ಬರೆಯುವುದಿಲ್ಲ. ಉದ್ದವ್ವ ಅವಳನ್ನು ಹಿಡಿದುಕೊಂಡೇ ಇದ್ದಳು. ಬಹಳ ಹೊತ್ತಿನ ಮೇಲೆ ಬಾಳವ್ವ ಸೆರಗಿನಿಂದ ಮುಖ ಒರೆಸಿ, "ಅಂವ ಎಲ್ಲೆದಾನ, ನಿನ್ನ ಮಗ?" ಎಂದು ಕೇಳಿದಳು. ನಾನು ಬೇವಿನ ಗಿಡ ತೋರಿಸಿದೆ. ಬಾಳವ್ವ ತಾನೇ ಎದ್ದು ಅಂಗಳದ ಬಾಗಿಲಿಗೆ ಬಂದಳು.

"ಹೊರಗ ಯಾಕ ನಿಂತಿ? ಒಳಗ ಬಾ. ಮೊದಲ ಉಣ್ಣು. ಆಮ್ಯಾಲ ಅಂವ ಏನೇನ ಮಾತಾಡತಿದ್ದ, ಎಲ್ಲಾ ಹೇಳು."

ಅವನು ಉಂಡ, ಹೇಳತೊಡಗಿದ. ಗುರುಲಿಂಗಪ್ಪ ಕೈದಿಗಳ ಪಾಳೆಯದಲ್ಲಿ ಎಲ್ಲರಿಗೂ ಕುಸ್ತಿಯ ಪಟ್ಟು ಕಲಿಸಿದ್ದನ್ನು ಹೇಳುವಾಗ ಆ ತಾಯಿ ಒಂದು ಸಲ ನಕ್ಕಳು. ಇಳಿಹೊತ್ತಿನ ಮೋಟಾರಿಗೆ ನಾನೂ ಉದ್ದವ್ವನೂ ಎದ್ದೆವು. ಅವನ ಮಾತು ಇನ್ನೂ ಮುಗಿದಿರಲಿಲ್ಲ, ಅವನನ್ನು ಅಲ್ಲೇ ಬಿಟ್ಟು ಬಂದೆವು.

ನಿನ್ನ ಗಂಗಕ್ಕ